ಅಮೆರಿಕದಲ್ಲಿದ್ದುಕೊಂಡು ದಕ್ಷಿಣ ಅಮೆರಿಕದ ಕ್ಲಬ್ ಫುಟ್‌ಬಾಲ್ ನೋಡುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎಲ್ಲಿಂದ ಶುರು ಮಾಡಬೇಕು?

ಒಂದು ಕ್ಲಬ್ಬಿನಿಂದ. ದಕ್ಷಿಣ ಅಮೆರಿಕದ ಫುಟ್‌ಬಾಲ್ ಒಕ್ಕೂಟವಾದ ಕಾನ್ಮೆಬಾಲ್ ಅಡಿಯಲ್ಲಿ ಹತ್ತು ದೇಶಗಳಿವೆ, ಹತ್ತಕ್ಕೂ ಬೇರೆ ಬೇರೆ ಲೀಗ್, ಬೇರೆ ಬೇರೆ ಪದ್ಧತಿ. ಇಡೀ ಖಂಡವನ್ನೇ ಒಟ್ಟಿಗೆ ಹಿಡಿಯಲು ಹೊರಟವರು ಸಾಮಾನ್ಯವಾಗಿ ಎರಡು ತಿಂಗಳಲ್ಲಿ ಸುಸ್ತಾಗಿ ಬಿಟ್ಟುಬಿಡುತ್ತಾರೆ. ಅವರನ್ನು ಓಡಿಸುವುದು ಆಟದ ಗುಣಮಟ್ಟವಲ್ಲ. ಗಡಿಯಾರ, ಅಂಕಪಟ್ಟಿ ಮತ್ತು ಚಾನೆಲ್, ಈ ಮೂರರ ಗೋಜಲು.

ಆರಿಸುವ ಕ್ಲಬ್ ಆ ವರ್ಷ ಖಂಡದ ಅತಿ ದೊಡ್ಡ ಕ್ಲಬ್ ಟೂರ್ನಿಯಾದ ಕೋಪಾ ಲಿಬೆರ್ತಾದೋರೆಸ್‌ನಲ್ಲಿ ಆಡುತ್ತಿದ್ದರೆ ಒಳ್ಳೆಯದು. ಗುಂಪು ಹಂತದಲ್ಲೇ ಆರು ಪಂದ್ಯ ಸಿಗುತ್ತವೆ, ಮೂರು ತವರಿನಲ್ಲಿ, ಮೂರು ಹೊರಗೆ. ಎದುರಾಳಿಗಳ ನೆಪದಲ್ಲಿ ಇನ್ನೆರಡು ಮೂರು ದೇಶಗಳ ಪರಿಚಯ ತಾನಾಗಿಯೇ ಆಗುತ್ತದೆ. ಆಟದ ಮಟ್ಟ ಮತ್ತು ಅಚ್ಚುಕಟ್ಟಾದ ಲೀಗ್ ಬೇಕೆಂದರೆ ಬ್ರೆಜಿಲ್. ಗ್ಯಾಲರಿಯ ಗದ್ದಲ ಬೇಕು, ನಿಯಮಗಳ ಗೋಳು ಸಹಿಸಿಕೊಳ್ಳುತ್ತೇನೆ ಎಂದರೆ ಅರ್ಜೆಂಟೀನಾ. ಚಿಕ್ಕದಾದ, ಬಹುಪಾಲು ಒಂದೇ ಊರಿನಲ್ಲಿ ಮುಗಿಯುವ ಲೀಗ್ ಬೇಕಿದ್ದರೆ ಉರುಗ್ವೆ. ಅಲ್ಲಿ ಹೆಚ್ಚಿನ ಕ್ಲಬ್ಬುಗಳು ಮೊಂಟೆವಿಡಿಯೊದವೇ.

ಪಂದ್ಯಗಳು ನಮ್ಮ ಸಮಯಕ್ಕೆ ಎಷ್ಟು ಗಂಟೆಗೆ?

ಈ ಹವ್ಯಾಸದ ದೊಡ್ಡ ಲಾಭವೇ ಇದು. ಯುರೋಪಿನ ಫುಟ್‌ಬಾಲ್ ನೋಡುವ ಕ್ಯಾಲಿಫೋರ್ನಿಯಾದವರು ಶನಿವಾರ ನಸುಕಿನ ನಾಲ್ಕೂವರೆಗೆ ಏಳಬೇಕು. ಲಿಬೆರ್ತಾದೋರೆಸ್ ನೋಡುವವರು ಆಫೀಸ್ ಮುಗಿಸಿ ಬಂದು ಕೂತರೆ ಸಾಕು.

ಅರ್ಜೆಂಟೀನಾ, ಉರುಗ್ವೆ ಮತ್ತು ಬ್ರೆಜಿಲಿನ ಮುಖ್ಯ ನಗರಗಳು ವರ್ಷವಿಡೀ ಯುಟಿಸಿಗಿಂತ (ಜಗತ್ತಿನ ಪ್ರಮಾಣಿತ ಸಮಯ) 3 ಗಂಟೆ ಹಿಂದೆ ಇರುತ್ತವೆ. ಬ್ರೆಜಿಲ್ 2019ರಲ್ಲಿ ಗಡಿಯಾರ ತಿರುಗಿಸುವುದನ್ನು ಕೈಬಿಟ್ಟಿತು. ತಿರುಗುವುದು ನಮ್ಮ ಗಡಿಯಾರ, ಎಡವಟ್ಟು ಆಗುವುದೂ ಅಲ್ಲೇ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದ ತನಕ ಬ್ಯೂನಸ್ ಐರಿಸ್ ನ್ಯೂಯಾರ್ಕಿಗಿಂತ 1 ಗಂಟೆ ಮುಂದೆ, ಲಾಸ್ ಏಂಜಲೀಸಿಗಿಂತ 4 ಗಂಟೆ ಮುಂದೆ. ಉಳಿದ ತಿಂಗಳುಗಳಲ್ಲಿ 2 ಗಂಟೆ ಮತ್ತು 5 ಗಂಟೆ. ಅಲ್ಲಿ ರಾತ್ರಿ 9:30ಕ್ಕೆ ಶುರುವಾಗುವ ಪಂದ್ಯ ಬೇಸಿಗೆಯಲ್ಲಿ ನಮಗೆ ಪೂರ್ವ ಕರಾವಳಿಯಲ್ಲಿ 8:30, ಪಶ್ಚಿಮದಲ್ಲಿ ಸಂಜೆ 5:30.

ಕೊಲಂಬಿಯಾ, ಪೆರು, ಎಕ್ವಡಾರ್ ಯುಟಿಸಿಗಿಂತ 5 ಗಂಟೆ ಹಿಂದೆ. ಚಳಿಗಾಲದಲ್ಲಿ ನ್ಯೂಯಾರ್ಕ್ ಸಮಯವೂ ಅದೇ, ಬೇಸಿಗೆಯಲ್ಲಿ ನಾವು ಅವರಿಗಿಂತ ಒಂದು ಗಂಟೆ ಮುಂದೆ. ಬೊಲಿವಿಯಾ, ವೆನೆಜುವೆಲಾ 4 ಗಂಟೆ ಹಿಂದೆ. ತಲೆನೋವು ಚಿಲಿ. ಅವರೂ ಗಡಿಯಾರ ತಿರುಗಿಸುತ್ತಾರೆ, ಆದರೆ ನಮಗೆ ಉಲ್ಟಾ ದಿಕ್ಕಿನಲ್ಲಿ, ಏಪ್ರಿಲ್ ಮತ್ತು ಸೆಪ್ಟೆಂಬರ್‌ನಲ್ಲಿ. ಜೂನ್‌ನಲ್ಲಿ ಸ್ಯಾಂಟಿಯಾಗೊ ಮತ್ತು ನ್ಯೂಯಾರ್ಕ್ ಒಂದೇ ಸಮಯ, ಅಕ್ಟೋಬರ್‌ನಲ್ಲಿ ಒಂದು ಗಂಟೆ ವ್ಯತ್ಯಾಸ, ಡಿಸೆಂಬರ್‌ನಲ್ಲಿ ಎರಡು.

ಇನ್ನೆರಡು ಮಾತು. ಬ್ರೆಜಿಲಿನ ಪಟ್ಟಿಗಳಲ್ಲಿ ಹಾಕುವುದು ಬ್ರೆಸಿಲಿಯಾ ಸಮಯ. ಕುಯಾಬಾ, ಮನಾಸ್‌ನಲ್ಲಿ ಸ್ಥಳೀಯ ಗಡಿಯಾರ ಅದಕ್ಕಿಂತ ಒಂದು ಗಂಟೆ ಹಿಂದಿರುತ್ತದೆ, ಅದನ್ನು ನೋಡಿ ಮತ್ತೆ ಕಳೆಯಲು ಹೋಗಬೇಡಿ. ಯುಟಿಸಿ ಲೆಕ್ಕದಲ್ಲಿ ತೋರಿಸುವ ಜಾಲತಾಣಗಳಲ್ಲಿ ಬುಧವಾರ ರಾತ್ರಿಯ ಪಂದ್ಯಕ್ಕೆ ಗುರುವಾರದ ತಾರೀಕು ಬಿದ್ದಿರುತ್ತದೆ. ಗುರುವಾರ ಸಂಜೆ ಪಾಪ್‌ಕಾರ್ನ್ ಹಿಡಿದು ಕೂತರೆ ಸಿಗುವುದು ಮುಖ್ಯಾಂಶಗಳು ಮಾತ್ರ. ಫೋನಿನ ಕ್ಯಾಲೆಂಡರಿಗೆ ಹಾಕುವಾಗ ಸಮಯ ವಲಯವನ್ನು ‘ಬ್ಯೂನಸ್ ಐರಿಸ್’ ಅಥವಾ ‘ಸಾವೊ ಪಾಲೊ’ ಎಂದು ಆರಿಸಿ, ಅಲ್ಲಿಯ ಸಮಯವನ್ನೇ ತುಂಬಿ. ಉಳಿದ ಲೆಕ್ಕ ಫೋನೇ ನೋಡಿಕೊಳ್ಳುತ್ತದೆ.

ಬೆಂಗಳೂರಿನಲ್ಲಿರುವ ಗೆಳೆಯರ ಜೊತೆ ಒಟ್ಟಿಗೆ ನೋಡಬಹುದೇ?

ಸಮಯದ ಮಟ್ಟಿಗೆ ನೋಡಬಹುದು. ಅಲ್ಲಿಯ ರಾತ್ರಿ 9:30 ಅಂದರೆ ಮರುದಿನ ಬೆಳಿಗ್ಗೆ ಭಾರತದಲ್ಲಿ ಸರಿಯಾಗಿ 6:00. ಕಾಫಿ ಹೊತ್ತು. 7:00 ಗಂಟೆಯ ಪಂದ್ಯವಾದರೆ ಮಾತ್ರ ನಸುಕಿನ 3:30. ಪ್ರಸಾರದ ಹಕ್ಕು ದೇಶದಿಂದ ದೇಶಕ್ಕೆ ಬೇರೆ, ಹಾಗಾಗಿ ನಿಮ್ಮ ಲಾಗಿನ್ ಅಲ್ಲಿ ನಡೆಯುವುದಿಲ್ಲ.

ಸೀಸನ್ ಯಾವಾಗ ಶುರು, ಯಾವಾಗ ಮುಕ್ತಾಯ?

ಹೆಚ್ಚುಕಡಿಮೆ ಕ್ಯಾಲೆಂಡರ್ ವರ್ಷವೇ ಸೀಸನ್. ಎಂಎಲ್‌ಎಸ್ ನೋಡಿ ಅಭ್ಯಾಸವಿರುವವರಿಗೆ ಇದು ಹೊಸದಲ್ಲ. ಎಂಎಲ್‌ಎಸ್ 2027ರಲ್ಲಿ ಯುರೋಪಿನ ಪದ್ಧತಿಗೆ ಹೊರಳಿದ ಮೇಲೆ ಈ ಹೊಂದಾಣಿಕೆ ತಪ್ಪುತ್ತದೆ.

ಲಿಬೆರ್ತಾದೋರೆಸ್‌ನ ಅರ್ಹತಾ ಸುತ್ತುಗಳು ಫೆಬ್ರುವರಿ ಮತ್ತು ಮಾರ್ಚ್‌ನಲ್ಲಿ, ಗುಂಪು ಹಂತ ಏಪ್ರಿಲ್, ಮೇ ತಿಂಗಳಲ್ಲಿ. ನಂತರ ಉದ್ದನೆಯ ಬಿಡುವು. ಆಗಸ್ಟ್‌ನಲ್ಲಿ ಹದಿನಾರರ ಸುತ್ತು, ಸೆಪ್ಟೆಂಬರ್‌ನಲ್ಲಿ ಕ್ವಾರ್ಟರ್ ಫೈನಲ್, ಅಕ್ಟೋಬರ್‌ನಲ್ಲಿ ಸೆಮಿ, ನವೆಂಬರ್ ಕೊನೆಗೆ ಫೈನಲ್. ಫೈನಲ್ ಬರುವುದು ಥ್ಯಾಂಕ್ಸ್‌ಗಿವಿಂಗ್ ವಾರಾಂತ್ಯದ ಆಸುಪಾಸಿನಲ್ಲಿ, ಶನಿವಾರ ಮಧ್ಯಾಹ್ನ. 2024ರಲ್ಲಿ ನವೆಂಬರ್ 30, 2025ರಲ್ಲಿ ನವೆಂಬರ್ 29. ನೆಂಟರ ಮನೆಗೆ ಹೋಗುವ ಮುಂಚೆ ಅವರ ಮನೆಯ ಟಿವಿಯಲ್ಲಿ ಯಾವ ಚಾನೆಲ್ ಇದೆ ಎಂದು ವಿಚಾರಿಸಿಕೊಳ್ಳಿ.

ಬ್ರೆಜಿಲಿನಲ್ಲಿ ವರ್ಷ ಶುರುವಾಗುವುದು ರಾಜ್ಯ ಚಾಂಪಿಯನ್‌ಶಿಪ್‌ಗಳಿಂದ: ಸಾವೊ ಪಾಲೊದಲ್ಲಿ ಪಾಲಿಸ್ತಾ, ರಿಯೊದಲ್ಲಿ ಕಾರಿಯೋಕಾ, ಹೀಗೆ. ರಾಷ್ಟ್ರೀಯ ಲೀಗ್ ಮೊದಲೆಲ್ಲ ಏಪ್ರಿಲ್ ಹೊತ್ತಿಗೆ ಆರಂಭವಾಗುತ್ತಿತ್ತು. 2026ರಿಂದ ಜನವರಿ ಕೊನೆಗೇ ಶುರು, ರಾಜ್ಯ ಪಂದ್ಯಾವಳಿಗಳ ದಿನಗಳನ್ನು ಕತ್ತರಿಸಿದ್ದಾರೆ. ಹಳೆಯ ಲೇಖನ ಓದಿಕೊಂಡು ಏಪ್ರಿಲ್‌ವರೆಗೆ ಕಾದವರು ಎಷ್ಟೋ ಸುತ್ತುಗಳನ್ನು ಕಳೆದುಕೊಂಡಿರುತ್ತಾರೆ.

ಲಿಬೆರ್ತಾದೋರೆಸ್ ಹೇಗೆ ನಡೆಯುತ್ತದೆ?

ಒಟ್ಟು 47 ತಂಡ. ಅರ್ಹತಾ ಸುತ್ತುಗಳಲ್ಲಿ ಸೋತವು ಉದುರಿ 32 ಉಳಿಯುತ್ತವೆ, ನಾಲ್ಕರಂತೆ ಎಂಟು ಗುಂಪು. ಪ್ರತಿ ಗುಂಪಿನ ಮೊದಲ ಇಬ್ಬರು ಮುಂದಕ್ಕೆ. ಮೂರನೆಯವರು ಮನೆಗೆ ಹೋಗುವುದಿಲ್ಲ. ಅವರು ಎರಡನೇ ದರ್ಜೆಯ ಕೋಪಾ ಸುದಾಮೆರಿಕಾನಾಕ್ಕೆ ಇಳಿದು, ಅಲ್ಲಿಯ ಗುಂಪುಗಳಲ್ಲಿ ಎರಡನೇ ಸ್ಥಾನ ಪಡೆದವರ ಜೊತೆ ಸೆಣಸಬೇಕು. ಆದ್ದರಿಂದ ಕೊನೆಯ ಸುತ್ತಿನಲ್ಲಿ ಆಗಲೇ ಹೊರಬಿದ್ದ ಎರಡು ತಂಡ ಜೀವ ಬಿಟ್ಟು ಆಡುತ್ತಿದ್ದರೆ, ಹೋರಾಟ ಮೂರನೇ ಸ್ಥಾನಕ್ಕೆ ಎಂದು ತಿಳಿಯಿರಿ.

ನಾಕೌಟ್‌ನಲ್ಲಿ ಎರಡು ಕಾಲು, ಅಂದರೆ ತವರಿನಲ್ಲಿ ಒಂದು, ಹೊರಗೊಂದು. ಹೊರಗಿನ ಗೋಲಿಗೆ ಹೆಚ್ಚು ಬೆಲೆ ಎನ್ನುವ ನಿಯಮ 2022ರಿಂದ ಇಲ್ಲ. ಒಟ್ಟು ಗೋಲು ಸಮವಾದರೆ ಹೆಚ್ಚುವರಿ ಸಮಯವೂ ಇಲ್ಲ, ನೇರ ಪೆನಾಲ್ಟಿ. ಹೆಚ್ಚುವರಿ ಅರ್ಧ ಗಂಟೆ ಇರುವುದು ಫೈನಲ್ಲಿಗೆ ಮಾತ್ರ. ಇದು ಗೊತ್ತಿಲ್ಲದವರು 90ನೇ ನಿಮಿಷಕ್ಕೆ ಎದ್ದು ಅಡುಗೆಮನೆಗೆ ಹೋಗಿ, ತಿರುಗಿ ಬರುವಷ್ಟರಲ್ಲಿ ಎರಡು ಪೆನಾಲ್ಟಿ ಹೊಡೆದಾಗಿರುತ್ತದೆ. ಮೂರು ಹಳದಿ ಕಾರ್ಡ್ ಸೇರಿದರೆ ಒಂದು ಪಂದ್ಯ ಹೊರಗೆ.

2019ರಿಂದ ಫೈನಲ್ ಒಂದೇ ಪಂದ್ಯ, ಮೊದಲೇ ಗೊತ್ತುಮಾಡಿದ ಊರಿನಲ್ಲಿ. ಹಳೆಯ ಅಭಿಮಾನಿಗಳಿಗೆ ಇದು ಇವತ್ತಿಗೂ ಹಿಡಿಸಿಲ್ಲ, ಅವರ ಮಾತಿನಲ್ಲಿ ನ್ಯಾಯವೂ ಇದೆ. ಎರಡೂ ಊರು ಒಂದೊಂದು ರಾತ್ರಿ ಹೊತ್ತಿ ಉರಿಯುತ್ತಿದ್ದದ್ದು ಈಗ ವಿಮಾನದ ಟಿಕೆಟ್ ಕೊಳ್ಳಬಲ್ಲವರ ಹಬ್ಬ. ಆದರೂ ಆಟದಲ್ಲಿ ಕೊರತೆಯಿಲ್ಲ. 2019ರಲ್ಲಿ ಲಿಮಾದಲ್ಲಿ 88ನೇ ನಿಮಿಷದವರೆಗೂ 1-0 ಹಿಂದಿದ್ದ ಫ್ಲಮೆಂಗೊ, ಗಾಬಿಗೊಲ್ ಹೊಡೆದ ಎರಡು ಗೋಲುಗಳಿಂದ ರಿವರ್ ಪ್ಲೇಟನ್ನು ಮಣಿಸಿತು. 2024ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಬೊಟಾಫೋಗೊದ ಗ್ರೆಗೋರೆ ಮೊದಲ ನಿಮಿಷದಲ್ಲೇ ಕೆಂಪು ಕಾರ್ಡ್ ಪಡೆದ. ಹತ್ತೇ ಜನ ಉಳಿದ ತಂಡ ಅಟ್ಲೆಟಿಕೊ ಮಿನೇರೊವನ್ನು 3-1ರಿಂದ ಸೋಲಿಸಿತು.

ಅರ್ಜೆಂಟೀನಾದ ಅಂಕಪಟ್ಟಿ ತಲೆಬುಡ ಅರ್ಥವಾಗುವುದಿಲ್ಲ. ತಪ್ಪು ನನ್ನದೇ?

ಅಲ್ಲ. ಅಲ್ಲಿ ಒಂದೇ ಹೊತ್ತಿಗೆ ಮೂರು ಪಟ್ಟಿ ಓಡುತ್ತಿರುತ್ತವೆ.

ಮೊದಲನೆಯದು ನಡೆಯುತ್ತಿರುವ ಟೂರ್ನಿಯದು. 2025ರ ಪದ್ಧತಿ ಹೀಗಿತ್ತು: 30 ತಂಡ, 15ರಂತೆ ಎರಡು ವಲಯ. ವರ್ಷದ ಮೊದಲರ್ಧ ಅಪೆರ್ತುರಾ, ಎರಡನೆಯರ್ಧ ಕ್ಲೌಸುರಾ. ಪ್ರತಿ ವಲಯದ ಮೊದಲ ಎಂಟು ತಂಡ ನಾಕೌಟ್‌ಗೆ. ಅಂದರೆ ಎಂಟನೇ ಸ್ಥಾನದಿಂದಲೂ ಚಾಂಪಿಯನ್ ಆಗಬಹುದು.

ಎರಡನೆಯದು ವಾರ್ಷಿಕ ಪಟ್ಟಿ. ಎರಡೂ ಟೂರ್ನಿಗಳ ಲೀಗ್ ಪಂದ್ಯಗಳ ಅಂಕ ಕೂಡಿಸಿದ್ದು, ನಾಕೌಟ್ ಇಲ್ಲಿ ಲೆಕ್ಕಕ್ಕಿಲ್ಲ. ಅಪೆರ್ತುರಾ, ಕ್ಲೌಸುರಾ ಮತ್ತು ಕೋಪಾ ಅರ್ಜೆಂಟೀನಾ ಗೆದ್ದವರನ್ನು ಬಿಟ್ಟು ಉಳಿದ ಲಿಬೆರ್ತಾದೋರೆಸ್ ಮತ್ತು ಸುದಾಮೆರಿಕಾನಾ ಸೀಟುಗಳು ಇದರಿಂದ ತುಂಬುತ್ತವೆ.

ಮೂರನೆಯದು ಪ್ರೊಮೇದಿಯೊ, ಅಂದರೆ ಸರಾಸರಿ. ಮೂರು ಸೀಸನ್ನಿನ ಒಟ್ಟು ಅಂಕವನ್ನು ಆಡಿದ ಪಂದ್ಯಗಳಿಂದ ಭಾಗಿಸುತ್ತಾರೆ, ಕೊನೆಯಲ್ಲಿದ್ದವರು ಕೆಳಗಿನ ಡಿವಿಷನ್ನಿಗೆ. ಒಂದು ಲೆಕ್ಕ ಹಾಕಿ ನೋಡಿ. ಹಳೆಯ ತಂಡ 120 ಪಂದ್ಯದಲ್ಲಿ 150 ಅಂಕ ಗಳಿಸಿದೆ, ಸರಾಸರಿ 1.250. ಈ ವರ್ಷವಷ್ಟೇ ಮೇಲೆ ಬಂದ ತಂಡ 40 ಪಂದ್ಯದಲ್ಲಿ 48, ಸರಾಸರಿ 1.200. ಇಬ್ಬರೂ ಇನ್ನೊಂದು ಪಂದ್ಯ ಗೆದ್ದರು ಅನ್ನಿ: ಹಳೆಯದು 153ನ್ನು 121ರಿಂದ ಭಾಗಿಸಿ 1.264, ಹೊಸದು 51ನ್ನು 41ರಿಂದ ಭಾಗಿಸಿ 1.244. ಒಂದೇ ಗೆಲುವಿಗೆ ಹೊಸಬರ ಸೂಜಿ ಮೂರು ಪಟ್ಟು ಜಿಗಿಯಿತು. ಸೋತರೆ ಬೀಳುವುದೂ ಅಷ್ಟೇ ಜೋರು. ಕ್ರಿಕೆಟ್ಟಿನ ನೆಟ್ ರನ್‌ರೇಟ್ ಲೆಕ್ಕ ಹಾಕಿ ಪಳಗಿದವರಿಗೆ ಇದು ಕಷ್ಟವಲ್ಲ.

1983ರಲ್ಲಿ ಬಂದ ಈ ಪದ್ಧತಿ ದೊಡ್ಡ ಕ್ಲಬ್ಬುಗಳಿಗೆ ಕೊಡೆ ಎಂದೇ ಜನ ಹೇಳುತ್ತಿದ್ದರು. ಒಂದು ವರ್ಷ ಕೆಟ್ಟರೂ ಹಿಂದಿನ ಎರಡು ವರ್ಷದ ಗಳಿಕೆ ಕಾಪಾಡುತ್ತದೆ ಎಂಬ ಲೆಕ್ಕ. 2011ರಲ್ಲಿ ಅದೇ ಕೊಡೆ ರಿವರ್ ಪ್ಲೇಟ್ ಮೇಲೆ ಉಲ್ಟಾ ಮಗುಚಿತು. ಆ ಸೀಸನ್ನಿನ ಆಟ ಅಷ್ಟೇನೂ ಕೆಟ್ಟದಾಗಿರಲಿಲ್ಲ, ಹಿಂದಿನ ವರ್ಷಗಳ ಸಾಲ ತಲೆಗೆ ಬಂತು. ಕೊರ್ದೊಬಾದ ಬೆಲ್ಗ್ರಾನೊ ಎದುರಿನ ಪ್ಲೇಆಫ್‌ನಲ್ಲಿ ಸೋತು ರಿವರ್ ತನ್ನ ಚರಿತ್ರೆಯಲ್ಲಿ ಮೊದಲ ಬಾರಿಗೆ ಎರಡನೇ ಡಿವಿಷನ್ನಿಗಿಳಿಯಿತು.

ಇಷ್ಟು ಕಲಿತ ಮೇಲೂ ನಿಶ್ಚಿಂತೆಯಿಂದ ಇರಬೇಡಿ. ಅರ್ಜೆಂಟೀನಾದ ನಿಯಮಾವಳಿ ಪೆನ್ಸಿಲಿನಲ್ಲಿ ಬರೆದದ್ದು. 2024ರಲ್ಲಿ ಸೀಸನ್ ನಡೆಯುತ್ತಿರುವಾಗಲೇ ಕೆಳಗಿಳಿಸುವುದನ್ನು ರದ್ದು ಮಾಡಿದರು. 2025ರ ನವೆಂಬರ್‌ನಲ್ಲಿ ವಾರ್ಷಿಕ ಪಟ್ಟಿಯಲ್ಲಿ ಮೊದಲಿದ್ದ ರೊಸಾರಿಯೊ ಸೆಂಟ್ರಲ್‌ಗೆ ಇದ್ದಕ್ಕಿದ್ದಂತೆ ‘ಲೀಗ್ ಚಾಂಪಿಯನ್’ ಪಟ್ಟ ಕಟ್ಟಿದರು. ಕೆಲವೇ ದಿನಗಳಲ್ಲಿ ಅವರೆದುರು ಆಡಲು ಬಂದ ಎಸ್ತೂದಿಯಾಂತೆಸ್ ಆಟಗಾರರು ಗೌರವದ ಸಾಲಿನಲ್ಲಿ ಬೆನ್ನು ತಿರುಗಿಸಿ ನಿಂತರು, ಆ ಪಂದ್ಯ ಗೆದ್ದರು, ಡಿಸೆಂಬರ್‌ನಲ್ಲಿ ಕ್ಲೌಸುರಾ ಕಪ್ಪನ್ನೂ ಎತ್ತಿದರು. ಪ್ರತಿ ಜನವರಿಯಲ್ಲಿ ಆ ವರ್ಷದ ನಿಯಮವನ್ನು ಹೊಸದಾಗಿ ಓದಿಕೊಳ್ಳುವುದೊಂದೇ ದಾರಿ.

ಬ್ರೆಜಿಲ್ ಇದಕ್ಕಿಂತ ಸುಲಭವೇ?

ಲೀಗ್ ಸುಲಭ. 20 ತಂಡ, 38 ಸುತ್ತು, ಹೆಚ್ಚು ಅಂಕ ಪಡೆದವರು ಚಾಂಪಿಯನ್, ಕೊನೆಯ ನಾಲ್ಕು ಕೆಳಕ್ಕೆ. ಎರಡು ಸೂಕ್ಷ್ಮ ಮಾತ್ರ ಗಮನದಲ್ಲಿರಲಿ. ಅಂಕ ಸಮವಾದರೆ ಮೊದಲು ನೋಡುವುದು ಗೋಲು ವ್ಯತ್ಯಾಸವನ್ನಲ್ಲ, ಗೆಲುವುಗಳ ಸಂಖ್ಯೆಯನ್ನು. ಹೆಚ್ಚು ಡ್ರಾ ಮಾಡುವ ತಂಡಕ್ಕೆ ಇಲ್ಲಿ ನಷ್ಟ. ಇನ್ನೊಂದು, ಪಟ್ಟಿಯ ಕಾಲಂಗಳು ವಿ, ಇ, ಡಿ ಎಂದಿರುತ್ತವೆ. ಇಂಗ್ಲಿಷ್ ಅಭ್ಯಾಸದಲ್ಲಿ ‘ಡಿ’ ನೋಡಿದ ಕೂಡಲೇ ಡ್ರಾ ಅಂದುಕೊಳ್ಳುತ್ತೇವೆ. ಪೋರ್ಚುಗೀಸಿನಲ್ಲಿ ಅದು ದೆರೋಟಾ, ಸೋಲು. ಡ್ರಾ ಇರುವುದು ‘ಇ’ ಕಾಲಂನಲ್ಲಿ, ಎಂಪಾಚಿ. ತಮ್ಮ ತಂಡ ಎಂಟು ಡ್ರಾ ಮಾಡಿದೆ ಎಂದು ಸಮಾಧಾನದಲ್ಲಿದ್ದವರಿಗೆ ಅವೆಲ್ಲ ಸೋಲು ಎಂದು ತಿಳಿಯುವುದು ಒಳ್ಳೆಯ ಕ್ಷಣವಲ್ಲ.

ಕಷ್ಟವಿರುವುದು ಪಂದ್ಯಗಳ ಸಂಖ್ಯೆಯಲ್ಲಿ. ರಾಜ್ಯ ಟೂರ್ನಿ, ಲೀಗ್, ಕೋಪಾ ದೊ ಬ್ರಾಸಿಲ್, ಲಿಬೆರ್ತಾದೋರೆಸ್ ಎಲ್ಲ ಸೇರಿ ದೊಡ್ಡ ಕ್ಲಬ್ ವರ್ಷಕ್ಕೆ 70ರ ಆಸುಪಾಸು ಪಂದ್ಯ ಆಡುತ್ತದೆ. ಹಾಗಾಗಿ ಬುಧವಾರ ದೊಡ್ಡ ಪಂದ್ಯವಿದ್ದರೆ ಭಾನುವಾರ ಅರ್ಧ ತಂಡ ಬೆಂಚಿನಲ್ಲಿರುತ್ತದೆ. ಇದಕ್ಕೆ ಅಲ್ಲಿ ‘ಮಿಸ್ತೊ’ ಎನ್ನುತ್ತಾರೆ, ಮಿಶ್ರ ತಂಡ. ಅಂಥ ಭಾನುವಾರದ ಸೋಲಿಗೆ ತಲೆ ಕೆಡಿಸಿಕೊಳ್ಳಬೇಡಿ.

ಉಳಿದ ದೇಶಗಳು?

ಕೊಲಂಬಿಯಾದಲ್ಲಿ ವರ್ಷಕ್ಕೆ ಇಬ್ಬರು ಚಾಂಪಿಯನ್ನರು. ಉರುಗ್ವೆಯಲ್ಲಿ ಅಪೆರ್ತುರಾ, ಕ್ಲೌಸುರಾ, ನಡುವೆ ಇಂಟರ್ಮೀದಿಯೊ, ಮೇಲೆ ವಾರ್ಷಿಕ ಪಟ್ಟಿ. ಚಿಲಿಯದು 16 ತಂಡಗಳ ಸಾದಾ ಲೀಗ್. ಅಲ್ಲಿಂದ ಲಿಬೆರ್ತಾದೋರೆಸ್ ಗೆದ್ದ ಏಕೈಕ ಕ್ಲಬ್ 1991ರ ಕೋಲೊ ಕೋಲೊ.

ಅಮೆರಿಕದಲ್ಲಿ ಯಾವ ಚಾನೆಲ್?

ಲಿಬೆರ್ತಾದೋರೆಸ್ ಮತ್ತು ಸುದಾಮೆರಿಕಾನಾ 2023ರಿಂದ 2026ರ ಒಪ್ಪಂದದಲ್ಲಿ ಬೀಇನ್ ಸ್ಪೋರ್ಟ್ಸ್ ಬಳಗದ ಕೈಯಲ್ಲಿವೆ. ಆ ಅವಧಿ ದಾಟಿದ ಮೇಲೆ ಇದನ್ನು ಓದುತ್ತಿದ್ದರೆ ಮತ್ತೆ ಪರಿಶೀಲಿಸಿ. ದೇಶೀಯ ಲೀಗುಗಳ ಹಕ್ಕು ಕೈಯಿಂದ ಕೈಗೆ ಹೋಗುತ್ತಲೇ ಇರುತ್ತದೆ. ದಕ್ಷಿಣ ಅಮೆರಿಕದ ಪಂದ್ಯಗಳನ್ನೇ ನೆಚ್ಚಿಕೊಂಡಿರುವ ಸ್ಟ್ರೀಮಿಂಗ್ ಸೇವೆ ಫನಾಟಿಝ್ ಮೊದಲು ನೋಡಬೇಕಾದ ಜಾಗ.

ಹಣ ಉಳಿಸುವ ಕ್ರಮ ಹೀಗೆ. ಜನವರಿಯಲ್ಲಿ ವಾರ್ಷಿಕ ಚಂದಾ ಕಟ್ಟಬೇಡಿ. ಮೊದಲು ನಿಮ್ಮ ಕ್ಲಬ್ ಆ ವರ್ಷ ಯಾವ ಯಾವ ಟೂರ್ನಿಯಲ್ಲಿದೆ ಎಂದು ಬರೆದುಕೊಳ್ಳಿ. ಪ್ರತಿ ಟೂರ್ನಿಗೂ ಅಮೆರಿಕದ ಹಕ್ಕು ಯಾರದು ಎಂದು ನೋಡಿ. ಬ್ರೆಜಿಲಿನ ಚಾನೆಲ್ ಹೆಸರು ಕಂಡರೆ ಮೋಸಹೋಗಬೇಡಿ, ಅಲ್ಲಿ ಯೂಟ್ಯೂಬಿನಲ್ಲಿ ಉಚಿತವಾಗಿ ಬರುವ ಪಂದ್ಯ ಕೂಡ ಇಲ್ಲಿ ‘ನಿಮ್ಮ ದೇಶದಲ್ಲಿ ಲಭ್ಯವಿಲ್ಲ’ ಎನ್ನುತ್ತದೆ. ಆಮೇಲೆ ತಿಂಗಳ ಲೆಕ್ಕದಲ್ಲಿ ಚಂದಾ ಕಟ್ಟಿ. ಜೂನ್, ಜುಲೈನಲ್ಲಿ ಲಿಬೆರ್ತಾದೋರೆಸ್ ಪಂದ್ಯ ಇರುವುದು ಅಪರೂಪ, ಆಗ ನಿಲ್ಲಿಸಿಡಿ.

ಹುಡುಕುವಾಗ ಸ್ಪ್ಯಾನಿಷ್ ಮಾತಾಡುವ ದೇಶದ ಕ್ಲಬ್ ಆದರೆ ‘ದೋಂದೆ ವೇರ್’ (dónde ver), ಬ್ರೆಜಿಲ್ ಆದರೆ ‘ಓಂಜಿ ಅಸಿಸ್ಚಿರ್’ (onde assistir), ಜೊತೆಗೆ ಅಮೆರಿಕದ ಹೆಸರು ಸೇರಿಸಿ. ಎರಡರ ಅರ್ಥವೂ ‘ಎಲ್ಲಿ ನೋಡುವುದು’. ಇಂಗ್ಲಿಷ್ ವೀಕ್ಷಕ ವಿವರಣೆ ಎಲ್ಲ ಪಂದ್ಯಕ್ಕೂ ಇರುವುದಿಲ್ಲ. ಸ್ಪ್ಯಾನಿಷ್ ಬಾರದಿದ್ದರೂ ಅದರಲ್ಲೇ ನೋಡಿ, ಎರಡು ತಿಂಗಳಲ್ಲಿ ಕಿವಿ ಒಗ್ಗುತ್ತದೆ.

ಸ್ಟ್ರೀಮಿಂಗ್ ನೇರ ಆಟಕ್ಕಿಂತ ಅರ್ಧ ನಿಮಿಷದಿಂದ ಒಂದು ನಿಮಿಷ ಹಿಂದಿರುತ್ತದೆ. ಟಿವಿಯಲ್ಲಿ ಇನ್ನೂ ಕಾರ್ನರ್ ಕಿಕ್‌ಗೆ ಚೆಂಡು ಇಡುತ್ತಿರುತ್ತಾರೆ, ಸೋಫಾ ಮೇಲಿನ ಫೋನ್ ಟಿಂಗ್ ಎಂದು 1-0 ತೋರಿಸಿಬಿಡುತ್ತದೆ. ಸ್ಕೋರ್ ಆ್ಯಪಿನ ಸೂಚನೆಗಳನ್ನು ಆ ಎರಡು ಗಂಟೆ ಬಂದ್ ಮಾಡಿ, ಊರಿನ ವಾಟ್ಸ್‌ಆ್ಯಪ್ ಗುಂಪನ್ನೂ.

ಪಂದ್ಯ ಎಲ್ಲೂ ಸಿಗದಿದ್ದರೆ?

ರೇಡಿಯೊ. ಪೋರ್ತೊ ಅಲೆಗ್ರೆಯ ರೇಡಿಯೊ ಗಾವುಶಾ, ಬೆಲೊ ಒರಿಜೋಂಚಿಯ ರೇಡಿಯೊ ಇಟಾಚಿಯಾಯಾ ಅಂತರ್ಜಾಲದಲ್ಲಿ ಕೇಳಸಿಗುತ್ತವೆ. ಪೋರ್ಚುಗೀಸ್ ಒಂದಕ್ಷರ ಬಾರದವರಿಗೂ ಗೋಲು ಬಿದ್ದದ್ದು ತಿಳಿಯದೇ ಹೋಗುವ ಸಾಧ್ಯತೆ ಇಲ್ಲ.

ಹೆಸರುಗಳೇ ಗೊಂದಲ. ಲಿವರ್‌ಪೂಲ್ ಇಲ್ಲಿ ಯಾಕಿದೆ?

ಅದು ಮೊಂಟೆವಿಡಿಯೊದ ಲಿವರ್‌ಪೂಲ್. ಎವರ್ಟನ್ ಚಿಲಿಯ ವಿನ್ಯಾ ದೆಲ್ ಮಾರ್‌ನದು, ಬಾರ್ಸಿಲೋನಾ ಎಕ್ವಡಾರಿನ ಗ್ವಾಯಾಕಿಲ್‌ನದು, ಆರ್ಸೆನಲ್ ಬ್ಯೂನಸ್ ಐರಿಸ್ ಪಕ್ಕದ ಸರಾಂದಿಯದು. ಇವುಗಳಲ್ಲಿ ಕೆಲವು ಬಂದರುಗಳಲ್ಲಿ ಇಳಿದ ಇಂಗ್ಲಿಷರೂ ಸ್ಪೇನಿನವರೂ ಬಿಟ್ಟುಹೋದ ಗುರುತುಗಳು.

ಹಣ ಕಳೆದುಕೊಳ್ಳುವ ಗೊಂದಲ ಇದಲ್ಲ, ದಕ್ಷಿಣ ಅಮೆರಿಕದೊಳಗಿನದೇ. ರಿವರ್ ಪ್ಲೇಟ್ ಉರುಗ್ವೆಯಲ್ಲೂ ಇದೆ. ರೇಸಿಂಗ್ ಅವೆಲ್ಯಾನೆಡಾದಲ್ಲೂ ಇದೆ, ಮೊಂಟೆವಿಡಿಯೊದಲ್ಲೂ ಇದೆ. ನಾಸಿಯೊನಾಲ್ ಉರುಗ್ವೆಯದು, ಇನ್ನೊಂದು ಪರಾಗ್ವೆಯದು, ಅಟ್ಲೆಟಿಕೊ ನಾಸಿಯೊನಾಲ್ ಕೊಲಂಬಿಯಾದ್ದು. ಯೂನಿವರ್ಸಿದಾದ್ ಕತೋಲಿಕಾ ಚಿಲಿಯಲ್ಲೊಂದು, ಎಕ್ವಡಾರಿನಲ್ಲೊಂದು. ಇಂಡಿಪೆಂಡಿಯೆಂಟೆ ಎಂದರೆ ಏಳು ಸಲ ಲಿಬೆರ್ತಾದೋರೆಸ್ ಗೆದ್ದ ಅವೆಲ್ಯಾನೆಡಾದ ಕ್ಲಬ್. ಆದರೆ ಎಕ್ವಡಾರಿನ ಇಂಡಿಪೆಂಡಿಯೆಂಟೆ ದೆಲ್ ವಾಯೆ, ಕೊಲಂಬಿಯಾದ ಇಂಡಿಪೆಂಡಿಯೆಂಟೆ ಮೆದೆಯಿನ್, ಮೆಂಡೋಸಾದ ಇಂಡಿಪೆಂಡಿಯೆಂಟೆ ರಿವಾದಾವಿಯಾ ಇವೆಲ್ಲ ಬೇರೆ ಬೇರೆ. ಜೆರ್ಸಿ ಅಥವಾ ಟಿಕೆಟ್ ಕೊಳ್ಳುವ ಮುನ್ನ ಊರಿನ ಹೆಸರು ಮತ್ತು ಲಾಂಛನ ಎರಡನ್ನೂ ಹೊಂದಿಸಿ ನೋಡಿ.

ಅಡ್ಡಹೆಸರುಗಳು ಇನ್ನೊಂದು ಲೋಕ. ರಿವರ್‌ನವರನ್ನು ಎದುರಾಳಿಗಳು ‘ಗಾಯಿನಾಸ್’, ಕೋಳಿಗಳು, ಎಂದು ಹಂಗಿಸುವುದು 1966ರ ಲಿಬೆರ್ತಾದೋರೆಸ್ ಫೈನಲ್ಲಿನಿಂದ. 2-0 ಮುಂದಿದ್ದು ಪೆನ್ಯಾರೋಲ್‌ಗೆ 4-2 ಸೋತಿದ್ದರು. ಫ್ಲಮೆಂಗೊದವರಿಗೆ ‘ಉರುಬು’, ರಣಹದ್ದು, ಎಂಬ ಬೈಗುಳವಿತ್ತು. 1969ರಲ್ಲಿ ಅಭಿಮಾನಿಗಳೇ ಮರಕನಾದಲ್ಲಿ ಹದ್ದೊಂದನ್ನು ಹಾರಿಬಿಟ್ಟು ಬೈಗುಳವನ್ನೇ ಬಿರುದು ಮಾಡಿಕೊಂಡರು.

ಎತ್ತರದ ಊರುಗಳಲ್ಲಿ ಬಲಿಷ್ಠ ತಂಡಗಳೂ ಯಾಕೆ ಸೋಲುತ್ತವೆ?

ಲಾ ಪಾಸ್‌ನ ಮೈದಾನ ಸುಮಾರು 3,600 ಮೀಟರ್ ಎತ್ತರದಲ್ಲಿದೆ, ಪಕ್ಕದ ಎಲ್ ಆಲ್ತೊದ್ದು 4,000 ದಾಟುತ್ತದೆ, ಕೀಟೊ 2,800ರ ಹತ್ತಿರ. ಗಾಳಿ ತೆಳು. ಆಟಗಾರನ ಉಸಿರು ಹಿಡಿಯುವುದು ಒಂದು ತೊಂದರೆ. ಚೆಂಡಿಗೆ ತಡೆ ಕಡಿಮೆಯಾಗುವುದು ಇನ್ನೊಂದು: ದೂರದ ಹೊಡೆತ ನಿರೀಕ್ಷೆಗಿಂತ ಬೇಗ ಬರುತ್ತದೆ, ತಿರುಗಬೇಕಾದ ಚೆಂಡು ತಿರುಗುವುದಿಲ್ಲ, ಗೋಲ್‌ಕೀಪರ್ ಅಂದಾಜು ತಪ್ಪುತ್ತದೆ. ಒಗ್ಗಿಕೊಳ್ಳಲು ವಾರಗಳು ಬೇಕು, ವೇಳಾಪಟ್ಟಿಯಲ್ಲಿ ಅಷ್ಟು ದಿನ ಇರುವುದಿಲ್ಲ. ಆದ್ದರಿಂದ ಹಲವು ತಂಡಗಳು ಕೆಳಗಿನ ಊರಿನಲ್ಲಿ ಉಳಿದು, ಪಂದ್ಯಕ್ಕೆ ಕೆಲವೇ ಗಂಟೆ ಮೊದಲು ಮೇಲೇರಿ, ಆಡಿದ ಕೂಡಲೇ ಇಳಿಯುತ್ತವೆ. ಬೊಲಿವಿಯಾದಲ್ಲಿ 2-0 ಸೋತ ದೊಡ್ಡ ತಂಡವನ್ನು ಕಂಡು ಸೀಸನ್ ಮುಗಿಯಿತು ಅಂದುಕೊಳ್ಳುವ ಮುಂಚೆ ತವರಿನ ಪಂದ್ಯಕ್ಕೆ ಕಾಯಿರಿ.

ನಾನು ಮೆಚ್ಚಿದ ಹುಡುಗ ಆಗಸ್ಟ್‌ನಲ್ಲಿ ಕಾಣೆಯಾದ. ಎಲ್ಲಿ ಹೋದ?

ಯುರೋಪಿಗೆ. ಆಟಗಾರರನ್ನು ಕೊಳ್ಳುವ ಅಲ್ಲಿಯ ಬೇಸಿಗೆ ಮಾರುಕಟ್ಟೆ ತೆರೆಯುವುದು ದಕ್ಷಿಣ ಅಮೆರಿಕದ ಸೀಸನ್ ಮಧ್ಯದಲ್ಲಿ, ಸರಿಯಾಗಿ ಗುಂಪು ಹಂತ ಮತ್ತು ನಾಕೌಟ್‌ಗಳ ನಡುವೆ. ಪಾಲ್ಮೇರಾಸ್‌ನ ಎಂಡ್ರಿಕ್ 2024ರಲ್ಲಿ, ರಿವರ್‌ನ ಮಸ್ತಾಂತುವೊನೊ 2025ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ, ಎಸ್ತೆವಾವ್ 2025ರಲ್ಲಿ ಚೆಲ್ಸಿಗೆ. 18 ತುಂಬುವ ಮುನ್ನ ಖಂಡ ದಾಟಿ ಹೋಗುವಂತಿಲ್ಲವಾದ್ದರಿಂದ ಒಪ್ಪಂದ ಮೊದಲೇ ಆಗಿ, ಹುಟ್ಟುಹಬ್ಬಕ್ಕೆ ವಿಮಾನ ಹತ್ತುತ್ತಾರೆ. ಜೆರ್ಸಿ ಬೆನ್ನಿಗೆ ಹೆಸರು ಹಾಕಿಸುವುದಿದ್ದರೆ ಮೂವತ್ತು ದಾಟಿದ ಆಟಗಾರನ ಹೆಸರು ಹಾಕಿಸಿ.

ಅಮೆರಿಕದ ಕ್ಲಬ್ ಯಾವತ್ತಾದರೂ ಅಲ್ಲಿ ಆಡಿದೆಯೇ?

ಲಿಬೆರ್ತಾದೋರೆಸ್‌ನಲ್ಲಿ ಇಲ್ಲ. ಮೆಕ್ಸಿಕೊ ಕ್ಲಬ್ಬುಗಳು 1998ರಿಂದ 2016ರ ತನಕ ಆಹ್ವಾನಿತರಾಗಿ ಆಡಿ ಮೂರು ಸಲ ಫೈನಲ್ ತಲುಪಿದವು, ಒಮ್ಮೆಯೂ ಗೆಲ್ಲಲಿಲ್ಲ. ಸುದಾಮೆರಿಕಾನಾದಲ್ಲಿ ಡಿಸಿ ಯುನೈಟೆಡ್ 2005 ಮತ್ತು 2007ರಲ್ಲಿ ಆಡಿತ್ತು, ಎರಡು ಸಲವೂ ಮೊದಲ ಮುಖಾಮುಖಿಯಲ್ಲೇ ಹೊರಬಿತ್ತು. ಅದೇ ಕ್ಲಬ್ 1998ರ ಇಂಟರ್‌ಅಮೆರಿಕನ್ ಕಪ್‌ನಲ್ಲಿ ಆ ವರ್ಷದ ಲಿಬೆರ್ತಾದೋರೆಸ್ ಚಾಂಪಿಯನ್ ವಾಸ್ಕೊ ದ ಗಾಮಾವನ್ನು ಎರಡು ಪಂದ್ಯಗಳ ಒಟ್ಟು 2-1ರಿಂದ ಸೋಲಿಸಿದ್ದು ಈಗ ಬಹಳ ಜನರಿಗೆ ನೆನಪಿಲ್ಲ.

2025ರ ಕ್ಲಬ್ ವಿಶ್ವಕಪ್ ಇಲ್ಲೇ ನಡೆದಾಗ ಲೆಕ್ಕ ಬೇರೆಯಾಯಿತು. ಪ್ಯಾಸಡೀನಾದಲ್ಲಿ ಬೊಟಾಫೋಗೊ ಪ್ಯಾರಿಸ್ ಸೇಂಟ್ ಜರ್ಮೇನ್ ಮೇಲೆ 1-0, ಫಿಲಡೆಲ್ಫಿಯಾದಲ್ಲಿ ಫ್ಲಮೆಂಗೊ ಚೆಲ್ಸಿ ಮೇಲೆ 3-1, ಶಾರ್ಲಟ್‌ನಲ್ಲಿ ಫ್ಲುಮಿನೆನ್ಸ್ ಇಂಟರ್ ಮಿಲಾನ್ ಮೇಲೆ 2-0. ಯುರೋಪಿನವರ ಹಿಂದೆ ಹಣ ಇದೆ ನಿಜ, ಆದರೆ ಸೀಸನ್ ಮಧ್ಯದ ಚುರುಕು ಆ ಜೂನ್‌ನಲ್ಲಿ ಇವರ ಕಾಲಿನಲ್ಲಿತ್ತು.

ಬ್ಯೂನಸ್ ಐರಿಸ್‌ಗೆ ಹೋಗಿ ಪಂದ್ಯ ನೋಡಬೇಕು. ಟಿಕೆಟ್ ಹೇಗೆ?

ದೊಡ್ಡ ಕ್ಲಬ್ಬುಗಳಲ್ಲಿ ಟಿಕೆಟ್ ಮೊದಲು ಸದಸ್ಯರಿಗೆ, ಅಂದರೆ ಸೋಸಿಯೊಗಳಿಗೆ. ಬೋಕಾ ಜೂನಿಯರ್ಸ್ ಕ್ಲಬ್ಬಿನಲ್ಲಂತೂ ಸದಸ್ಯರ ಸಂಖ್ಯೆ ಅದರ ಮೈದಾನ ಲಾ ಬೊಂಬೊನೆರಾದ ಸೀಟುಗಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಹೊರಗಿನವರಿಗೆ ಕೌಂಟರಿನಲ್ಲಿ ಏನೂ ಸಿಗುವುದಿಲ್ಲ. ಪ್ರವಾಸಿ ಏಜೆನ್ಸಿಗಳು ಮಾರುವುದು ಮೂಲ ಬೆಲೆಯ ಹಲವು ಪಟ್ಟಿಗೆ, ಅದೂ ಎಷ್ಟೋ ಸಲ ಬೇರೊಬ್ಬ ಸದಸ್ಯನ ಕಾರ್ಡ್ ಕೈಗೆ ಕೊಟ್ಟು. ಗೇಟಿನಲ್ಲಿ ಗುರುತು ಹೊಂದದಿದ್ದರೆ ವಾಪಸ್ ಕಳಿಸುತ್ತಾರೆ, ಹಣ ಹೋದಂತೆಯೇ. ರಿವರ್‌ನ ಮೊನುಮೆಂಟಲ್ ಸುಮಾರು 85,000 ಜನ ಹಿಡಿಯುತ್ತದೆ, ಅಲ್ಲಿ ಅವಕಾಶ ಸ್ವಲ್ಪ ಹೆಚ್ಚು. ಮೊದಲ ಸಲಕ್ಕೆ ಹುರಾಕಾನ್, ಲಾನೂಸ್, ಅರ್ಜೆಂಟಿನೋಸ್ ಜೂನಿಯರ್ಸ್‌ನಂಥ ಕ್ಲಬ್ಬಿನ ಸಾಮಾನ್ಯ ಪಂದ್ಯ ಆರಿಸುವುದು ಜಾಣತನ. ಹಾಡು ಅಲ್ಲೂ ತೊಂಬತ್ತು ನಿಮಿಷ ನಿಲ್ಲುವುದಿಲ್ಲ.

‘ಪೊಪುಲಾರ್’ ಎಂದರೆ ನಿಂತು ನೋಡುವ ಮೆಟ್ಟಿಲು, ‘ಪ್ಲಾಟೆಯಾ’ ಎಂದರೆ ಕುರ್ಚಿ. ಮೊದಲ ಸಲ ಪ್ಲಾಟೆಯಾ. 2013ರಿಂದ ಲೀಗ್ ಪಂದ್ಯಗಳಿಗೆ ಹೊರ ತಂಡದ ಅಭಿಮಾನಿಗಳಿಗೆ ನಿಷೇಧ, 2025ರಲ್ಲಷ್ಟೇ ಅಲ್ಲಲ್ಲಿ ಸಡಿಲಿಸಲು ಶುರು ಮಾಡಿದರು. ಎದುರಾಳಿಯ ಬಣ್ಣ ತೊಡಬೇಡಿ. ಬೋಕಾಗೆ ಹೋಗುವಾಗ ಕೆಂಪು ಬಿಳಿ ಬೇಡ, ಮೊನುಮೆಂಟಲ್‌ಗೆ ನೀಲಿ ಹಳದಿ ಬೇಡ. ಬೂದು ಬಣ್ಣದ ಅಂಗಿ ಎಲ್ಲ ಕಡೆಗೂ ಸಲ್ಲುತ್ತದೆ.

ಬ್ರೆಜಿಲಿನಲ್ಲಿ?

ಟಿಕೆಟ್ ಸಿಗುವುದು ಸುಲಭ, ನೋಂದಣಿಯದೇ ಉಸಾಬರಿ. 20,000ಕ್ಕಿಂತ ಹೆಚ್ಚು ಸೀಟಿನ ಕ್ರೀಡಾಂಗಣಗಳಲ್ಲಿ 2025ರ ಜೂನ್‌ನಿಂದ ಮುಖ ಗುರುತಿಸಿ ಒಳಬಿಡುವುದು ಕಡ್ಡಾಯ. ಮುಂಚಿತವಾಗಿ ಜಾಲತಾಣದಲ್ಲಿ ಫೋಟೊ ಏರಿಸಬೇಕು. ಕನ್ನಡಕ, ಟೋಪಿ ತೆಗೆದು, ಬೆಳಕು ಮುಖದ ಮೇಲೆ ಬೀಳುವಂತೆ ತೆಗೆಯಿರಿ. ಫಾರ್ಮಿನಲ್ಲಿ ಸಿಪಿಎಫ್, ಅಂದರೆ ಬ್ರೆಜಿಲಿನ ತೆರಿಗೆ ಗುರುತಿನ ಸಂಖ್ಯೆ ಕೇಳಿದರೆ ‘ವಿದೇಶಿ’, ಅಂದರೆ ‘ಎಸ್ಟ್ರಾಂಜೇರೊ’ ಆಯ್ಕೆ ಇದೆಯೇ ನೋಡಿ, ಅಲ್ಲಿ ಪಾಸ್‌ಪೋರ್ಟ್ ಸಂಖ್ಯೆ ನಡೆಯುತ್ತದೆ. ಆ ಆಯ್ಕೆ ಇಲ್ಲದ ಕಡೆ ಸಿಪಿಎಫ್ ಬೇಕೇ ಬೇಕು. ಅದನ್ನು ಬ್ರೆಜಿಲ್ ಕಾನ್ಸುಲೇಟ್ ಮೂಲಕ ವಿದೇಶಿಯರೂ ಪಡೆಯಬಹುದು. ಸಾವೊ ಪಾಲೊದ ದೊಡ್ಡ ಕ್ಲಬ್ಬುಗಳ ನಡುವಿನ ಪಂದ್ಯಗಳಿಗೆ 2016ರಿಂದ ತವರಿನ ಅಭಿಮಾನಿಗಳಿಗೆ ಮಾತ್ರ ಪ್ರವೇಶ.

ಪಂದ್ಯ ಅರ್ಧಕ್ಕೇ ನಿಂತರೆ ಏನಾಗುತ್ತದೆ?

ಕಾನ್ಮೆಬಾಲ್ ಕೂತು ತೀರ್ಪು ಕೊಡುತ್ತದೆ, ಕೆಲವೊಮ್ಮೆ ದಿನಗಟ್ಟಲೆ ಕಾಯಿಸಿ. 2018ರ ಬೋಕಾ ಮತ್ತು ರಿವರ್ ಫೈನಲ್ಲಿನ ಎರಡನೇ ಕಾಲು, ಬೋಕಾ ಬಸ್ಸಿನ ಮೇಲೆ ದಾಳಿಯಾದ ಮೇಲೆ ಮ್ಯಾಡ್ರಿಡ್‌ನಲ್ಲಿ ನಡೆಯಿತು. 2025ರ ಆಗಸ್ಟ್‌ನಲ್ಲಿ ಅವೆಲ್ಯಾನೆಡಾದ ಗ್ಯಾಲರಿಯಲ್ಲಿ ಹಿಂಸೆ ಭುಗಿಲೆದ್ದು ಇಂಡಿಪೆಂಡಿಯೆಂಟೆ ಮತ್ತು ಯೂನಿವರ್ಸಿದಾದ್ ದೆ ಚಿಲೆ ಪಂದ್ಯ ನಿಂತಿತು. ಇಂಡಿಪೆಂಡಿಯೆಂಟೆಯನ್ನು ಅನರ್ಹಗೊಳಿಸಿ ಚಿಲಿಯವರನ್ನು ಮುಂದಕ್ಕೆ ಕಳಿಸಿದರು. ಪ್ರವಾಸ ಹೋಗುವವರು ಪಂದ್ಯದ ಮರುದಿನವೇ ವಿಮಾನ ಇಟ್ಟುಕೊಳ್ಳದಿರುವುದು ಕ್ಷೇಮ. ಪಂದ್ಯದ ದಿನಾಂಕ ಕೂಡ ಟಿವಿಯವರ ಅನುಕೂಲಕ್ಕೆ ಒಂದೆರಡು ದಿನ ಆಚೀಚೆ ಸರಿಯುತ್ತದೆ.

ವೀಸಾ?

ಅಮೆರಿಕದ ಪಾಸ್‌ಪೋರ್ಟಿಗೆ ಅರ್ಜೆಂಟೀನಾ 90 ದಿನ ವೀಸಾ ಕೇಳುವುದಿಲ್ಲ. ಬ್ರೆಜಿಲ್ 2025ರ ಏಪ್ರಿಲ್ 10ರಿಂದ ಕೇಳುತ್ತದೆ, ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು.

ಭಾರತದ ಪಾಸ್‌ಪೋರ್ಟಿನಲ್ಲಿ ಎಚ್-1ಬಿ ಮೇಲೆ ಇಲ್ಲಿರುವವರಿಗೆ ಎರಡು ಪರೀಕ್ಷೆ. ಆಯಾ ದೇಶಕ್ಕೆ ಒಳಹೋಗುವ ನಿಯಮ ಬೇರೆಯೇ ಇರುತ್ತದೆ, ಅದನ್ನು ಆ ದೇಶದ ಕಾನ್ಸುಲೇಟ್ ಪುಟದಲ್ಲೇ ಓದಿ. ಅದಕ್ಕಿಂತ ಮುಖ್ಯ ವಾಪಸ್ ಬರುವುದು: ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ, ಕೈಯಲ್ಲಿ ಅನುಮೋದನೆಯ ಕಾಗದ ಇದ್ದರೂ ದಕ್ಷಿಣ ಅಮೆರಿಕದಿಂದ ನೇರ ತಿರುಗಿ ಬರಲಾಗದು. ಕೆನಡಾ, ಮೆಕ್ಸಿಕೊಗಳಿಗೆ 30 ದಿನದೊಳಗಿನ ಪ್ರವಾಸಕ್ಕೆ ಇರುವ ವಿನಾಯಿತಿ ಬ್ಯೂನಸ್ ಐರಿಸ್‌ಗೆ ಅನ್ವಯಿಸುವುದಿಲ್ಲ. ಟಿಕೆಟ್ ಕೊಳ್ಳುವ ಮೊದಲು ಆ ಮುದ್ರೆಯ ತಾರೀಕು ನೋಡಿ.